ಚಳಿಗಾಲವಿಡೀ ದೋಣಿಯಲ್ಲಿ ವಾಸ: ನೀಲೇಶ್ವರದ ಹಿನ್ನೀರಿನಲ್ಲಿ ಮನೆ ಹೂಡುವ ಬಗೆ

ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ಬೆಳಗಿನ ರೈಲು ಹತ್ತಿದರೆ ತಿಂಡಿಯ ಹೊತ್ತಿಗೆ ನೀಲೇಶ್ವರ. ಅಲ್ಲಿಂದ ರಿಕ್ಷಾದಲ್ಲಿ ಕೋಟ್ಟಪ್ಪುರಂ ಜೆಟ್ಟಿಗೆ ಬಂದರೆ ಪ್ರವಾಸಿಗರ ಕೆಟ್ಟುವಳ್ಳಂಗಳು, ಅಂದರೆ ಮನೆದೋಣಿಗಳು, ಸಾಲಾಗಿ ನಿಂತಿರುತ್ತವೆ. ಒಂದು ಹಗಲಿಗೋ ಒಂದು ರಾತ್ರಿಗೋ ಅವುಗಳಲ್ಲಿ ಹೋಗಿ ಬರುವವರಿಗೆ ಮಾರ್ಗದರ್ಶಿಯ ಅಗತ್ಯವಿಲ್ಲ; ಚಾಲಕರು, ಅಡುಗೆಯವರು ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ವೃಶ್ಚಿಕ ಮಾಸದಿಂದ ಕುಂಭ ಮಾಸದವರೆಗೆ, ಅಂದರೆ ನವೆಂಬರ್ ನಡುವಿನಿಂದ ಮಾರ್ಚ್ ನಡುವಿನವರೆಗೆ, ದೋಣಿಯನ್ನೇ ಮನೆ ಮಾಡಿಕೊಳ್ಳಬೇಕೆಂದಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಭಾವ ಮತ್ತು ನಾನು ಪಾಲು ಹಾಕಿ ಎರಡು ಕೋಣೆಯ ಹಳೆಯ ದೋಣಿಯೊಂದನ್ನು ಕೊಂಡು ಮೂರು ಚಳಿಗಾಲ ಅದರಲ್ಲಿ ಕಳೆದಿದ್ದೇವೆ. ಊರಿಗೆ ಹೋದಾಗಲೆಲ್ಲ ಒಬ್ಬರಲ್ಲ ಒಬ್ಬರು ಕೇಳುತ್ತಾರೆ: ಅದರಲ್ಲಿ ದಿನ ಕಳೆಯುವುದು ಹೇಗೆ?

ನಮ್ಮ ಕರಾವಳಿಯ ಚಳಿಗಾಲದಲ್ಲಿ ಹಗಲು 32–33 ಡಿಗ್ರಿ, ಬೆಳಗಿನ ಜಾವ 20–22 ಡಿಗ್ರಿ ಇರುತ್ತದೆ. ಕಂಬಳಿಯೊಂದು ಸಾಕು, ಚಳಿಯ ಚಿಂತೆ ಬೇಡ. ಚಿಂತೆಯೆಲ್ಲ ನೀರಿನದು. ಉಪ್ಪು ನೀರು ಹೊರಗೆ ಇರಬೇಕು, ಸಿಹಿ ನೀರು ಒಳಗೆ ಇರಬೇಕು, ಕೊಳಕು ನೀರು ತೊಟ್ಟಿಯಲ್ಲಿ ಇರಬೇಕು. ಈ ಮೂರೂ ತಂತಮ್ಮ ಜಾಗದಲ್ಲಿದ್ದ ದಿನ ದೋಣಿಯಷ್ಟು ನೆಮ್ಮದಿಯ ಮನೆ ಇನ್ನೊಂದಿಲ್ಲ. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ.

ಮೊದಲು ಕಾಗದ ಪತ್ರ, ಆಮೇಲೆ ದೋಣಿ

ಎಂಜಿನ್ ಇರುವ ಒಳನಾಡಿನ ದೋಣಿಗೆ 2021ರ ಒಳನಾಡು ಹಡಗುಗಳ ಕಾಯಿದೆಯ ಪ್ರಕಾರ ನೋಂದಣಿಯೂ ತಪಾಸಣಾ ಪ್ರಮಾಣಪತ್ರವೂ ಬೇಕು. ದೋಣಿ ಕೊಳ್ಳುವುದಿರಲಿ, ತಿಂಗಳ ಬಾಡಿಗೆಗೆ ಹಿಡಿಯುವುದಿರಲಿ, ಇವೆರಡನ್ನು ಕಣ್ಣಾರೆ ನೋಡಿ. ಎಷ್ಟು ಜನರನ್ನು ಕೂರಿಸಬಹುದೆಂದು ಬರೆದಿರುವ ಸಂಖ್ಯೆಯನ್ನು ಗಟ್ಟಿಯಾಗಿ ಓದಿಕೊಳ್ಳಿ. ಹಬ್ಬಕ್ಕೆ ನೆಂಟರು ಬಂದಾಗ ಅದನ್ನು ಮರೆಯುವುದು ಸುಲಭ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ್ದ ದೋಣಿ ಮಗುಚಿ 22 ಮಂದಿ ತೀರಿಕೊಂಡರು, ಅವರಲ್ಲಿ ಮಕ್ಕಳೂ ಇದ್ದರು. ಹೀಗಾಗಿ ನಮ್ಮ ದೋಣಿಯಲ್ಲಿ ಜೀವರಕ್ಷಕ ಜಾಕೆಟ್ ಎಷ್ಟಿವೆಯೋ ಅಷ್ಟೇ ಜನ. ಒಬ್ಬರು ಹೆಚ್ಚಾದರೆ ಅಷ್ಟು ಹೊತ್ತು ನಾನು ಜೆಟ್ಟಿಯಲ್ಲಿ ಕುಳಿತಿರುತ್ತೇನೆ.

ದೋಣಿಯ ಮೈ ಪರೀಕ್ಷೆಗೆ ಅರ್ಧ ದಿನ ಎತ್ತಿಡಿ. ಕೆಟ್ಟುವಳ್ಳಂ ಎಂದರೆ ಕಟ್ಟಿದ ದೋಣಿ. ಹೆಬ್ಬಲಸಿನ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಬಳಿದಿರುತ್ತಾರೆ. ನೆಲದ ಹಲಗೆ ಎತ್ತಿಸಿ, ಟಾರ್ಚ್ ಹಿಡಿದು, ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿ. ಒಣಗಿದ ಹೊಲಿಗೆ ಒರಟಾಗಿ ಬಿಗಿಯಾಗಿರುತ್ತದೆ. ಜಿನುಗುವ ಜಾಗ ತಣ್ಣಗೆ, ಮೆತ್ತಗೆ ಇರುತ್ತದೆ. ಅದರ ಸುತ್ತ ಉಪ್ಪಿನ ಬಿಳಿ ಗೆರೆ ಕಾಣುತ್ತದೆ. ಆಮೇಲೆ ಚಾಕುವಿನ ಮೊನೆಯಿಂದ ಹಲಗೆಯನ್ನು ಅಲ್ಲಲ್ಲಿ ಒತ್ತಿ ನೋಡಿ. ಮಳೆಗಾಲದ ಸಿಹಿ ನೀರಿನಲ್ಲಿ ದೋಣಿ ಕೊರೆಯುವ ಹುಳು ಬದುಕುವುದಿಲ್ಲ, ಆದರೆ ಡಿಸೆಂಬರ್ ದಾಟಿ ಹೊಳೆಯ ಹರಿವು ತಗ್ಗಿ ಕಡಲಿನ ಉಪ್ಪು ಒಳಗೆ ಬಂದಂತೆ ಅದು ಮರದೊಳಗೆ ಸೇರಿಕೊಳ್ಳುತ್ತದೆ. ಹೊರಗಿನಿಂದ ಕಾಣುವುದು ಸೂಜಿ ಮೊನೆಯಷ್ಟು ತೂತು, ಒಳಗೆ ಬೆರಳು ಗಾತ್ರದ ಸುರಂಗ. ಚಾಕು ಸಲೀಸಾಗಿ ಇಳಿದರೆ ಆ ದೋಣಿಯನ್ನು ಬಿಟ್ಟುಬಿಡಿ, ಬೆಲೆ ಎಷ್ಟೇ ಇಳಿಸಿದರೂ.

ಹಗ್ಗ ಕಟ್ಟುವುದು

ಇದನ್ನು ಸರಿಯಾಗಿ ಕಲಿತರೆ ಅರ್ಧ ಬದುಕು ಕಲಿತಂತೆ. ನಾವು ಕಲಿತದ್ದು ಪೆಟ್ಟು ತಿಂದು.

ಮೊದಲ ವರ್ಷದ ಡಿಸೆಂಬರ್ ಹುಣ್ಣಿಮೆ. ನೀರು ತುಂಬಿ ನಿಂತಿದ್ದಾಗ ಹಗ್ಗಗಳನ್ನು ಬಿಗಿದು ಮಲಗಿದೆವು. ರಾತ್ರಿ ಎರಡೂವರೆಯ ಸುಮಾರಿಗೆ ಅಡುಗೆಮನೆಯಲ್ಲಿ ಪಾತ್ರೆಗಳು ಜಾರಿ ಬಿದ್ದ ಸದ್ದಾಯಿತು. ಎದ್ದು ಕಾಲಿಟ್ಟರೆ ನೆಲವೇ ಓರೆ. ನೀರು ಇಳಿಯುತ್ತಿತ್ತು, ದೋಣಿಯ ಒಂದು ಮಗ್ಗುಲು ಹಗ್ಗದಲ್ಲಿ ನೇತಾಡುತ್ತಿತ್ತು. ಗಂಟು ಕಲ್ಲಾಗಿತ್ತು, ಬಿಚ್ಚಲು ಬಾರದೆ ಭಾವ ಕತ್ತಿಯಿಂದ ಕಡಿದರು. ದೋಣಿ ದೊಪ್ಪನೆ ನೀರಿಗೆ ಬಿತ್ತು. ಎರಡು ಕಡೆ ಹೊಲಿಗೆ ಸಡಿಲವಾಗಿ ಮರುದಿನದಿಂದಲೇ ನೀರು ಜಿನುಗತೊಡಗಿತು. ಅದನ್ನು ಸರಿಪಡಿಸಲು ನುರಿತ ಕೈ ಸಿಗುವವರೆಗೆ ಹನ್ನೊಂದು ದಿನ ಸರದಿಯಲ್ಲಿ ನೀರು ಮೊಗೆದೆವು.

ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಗಿಂತ ತುಸು ಹೆಚ್ಚು. ಆದ್ದರಿಂದ ನಿನ್ನೆಯ ಉಬ್ಬರಕ್ಕಿಂತ ಇಂದಿನದು ಸುಮಾರು 50 ನಿಮಿಷ ತಡ. ಒಂದೇ ದಿನದ ಎರಡು ಉಬ್ಬರಗಳೂ ಒಂದೇ ಎತ್ತರಕ್ಕೆ ಬರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಕಡಲಂಚಿನಲ್ಲಿ ನಾಲ್ಕೈದು ಅಡಿ ಏರಿಳಿತವಿರುತ್ತದೆ, ಅಳಿವೆಯಿಂದ ಒಳಗೆ ಬಂದಂತೆ ಕಡಿಮೆಯಾಗುತ್ತದೆ. ಇದರ ಮೇಲೆ ಚಳಿಗಾಲದ್ದೇ ಒಂದು ವಿಶೇಷವಿದೆ. ಈ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ಉದ್ದಕ್ಕೂ ಪ್ರವಾಹ ಉತ್ತರಕ್ಕೆ ಹರಿಯುತ್ತದೆ, ದಡದ ಬಳಿ ಕಡಲ ಮಟ್ಟವೇ ಮಳೆಗಾಲಕ್ಕಿಂತ ಮೇಲಿರುತ್ತದೆ. ಕೇರಳದವರು ‘ವೃಶ್ಚಿಕ ವೇಲಿಯೇಟ್ಟಂ’ ಎನ್ನುವ ದೊಡ್ಡ ಉಬ್ಬರ ಈ ಕಾಲದ್ದು. ಜೆಟ್ಟಿಯ ಮೆಟ್ಟಿಲು ಮುಳುಗಿದರೆ ಗಾಬರಿ ಬೇಡ.

ಹಾಗಾದರೆ ಕಟ್ಟುವುದು ಹೇಗೆ? ಹಗ್ಗವನ್ನು ನೇರವಾಗಿ, ಗಿಡ್ಡವಾಗಿ ಕಟ್ಟಬೇಡಿ. ಓರೆಯಾಗಿ, ಉದ್ದವಾಗಿ ಬಿಡಿ. ಒಂದೂವರೆ ಮೀಟರ್ ದೂರದ ಗೂಟಕ್ಕೆ ಕಟ್ಟಿದ ಹಗ್ಗಕ್ಕೆ ನೀರು ಒಂದು ಮೀಟರ್ ಇಳಿದಾಗ 30 ಸೆಂಟಿಮೀಟರ್ ಸಡಿಲ ಬೇಕಾಗುತ್ತದೆ. ಅದೇ ಗೂಟ ಐದು ಮೀಟರ್ ದೂರವಿದ್ದರೆ 10 ಸೆಂಟಿಮೀಟರ್ ಸಾಕು. ಆದ್ದರಿಂದ ಮುಂತುದಿಯಿಂದ ಒಂದು, ಹಿಂತುದಿಯಿಂದ ಒಂದು, ಮತ್ತೆ ಮುಂದಿನಿಂದ ಹಿಂದಿನ ಗೂಟಕ್ಕೆ, ಹಿಂದಿನಿಂದ ಮುಂದಿನ ಗೂಟಕ್ಕೆ ಅಡ್ಡಡ್ಡ ಎರಡು, ಹೀಗೆ ನಾಲ್ಕು ಹಗ್ಗ. ಅಡ್ಡ ಹಗ್ಗಗಳು ದೋಣಿ ಹಿಂದೆ ಮುಂದೆ ಓಡಾಡದಂತೆ ತಡೆಯುತ್ತವೆ. ನೈಲಾನ್ ಹಗ್ಗ ತುಸು ಹಿಗ್ಗುವುದರಿಂದ ಕಟ್ಟಲು ಒಳ್ಳೆಯದು. ಜೆಟ್ಟಿಗೆ ಉಜ್ಜುವ ಕಡೆ ಹಳೆಯ ರಬ್ಬರ್ ಪೈಪಿನ ತುಂಡು ತೊಡಿಸಿ, ಮಗ್ಗುಲಿಗೆ ಟಯರ್ ತೂಗಿಸಿ. ಎಷ್ಟೇ ಎಳೆದಾಟವಿದ್ದರೂ ಒಂದೇ ಕೈಯಲ್ಲಿ ಬಿಚ್ಚಲು ಬರುವ ಗಂಟನ್ನು ಜೆಟ್ಟಿಯ ಹಿರಿಯರೊಬ್ಬರಿಂದ ಕಲಿತುಕೊಳ್ಳಿ, ಕಣ್ಣು ಮುಚ್ಚಿ ಹಾಕುವಷ್ಟು ಅಭ್ಯಾಸ ಮಾಡಿ.

ಇನ್ನೊಂದು ಕೆಲಸ: ಒಂದು ಬಿದಿರಿನ ಗಳಕ್ಕೆ ಅಡಿ ಅಡಿಗೆ ಬಣ್ಣದ ಗೆರೆ ಹಾಕಿ ಜೆಟ್ಟಿಯ ಪಕ್ಕ ನೆಡಿ. ಒಂದು ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಏರಿದ ಮಟ್ಟ, ಇಳಿದ ಮಟ್ಟ, ಹೊತ್ತು ಬರೆದಿಡಿ. ಅಚ್ಚಾದ ಪಟ್ಟಿಗಳು ಬಂದರಿನ ಲೆಕ್ಕ ಹೇಳುತ್ತವೆ, ನಿಮ್ಮ ಗೂಟದ ಲೆಕ್ಕವನ್ನಲ್ಲ.

ಬೆಳಗಿನ ಸುತ್ತು, ಕಾಫಿಗೂ ಮೊದಲು

ಎದ್ದ ಕೂಡಲೇ ನೆಲದ ಹಲಗೆ ಎತ್ತಿ ತಳದ ನೀರು ನೋಡಿ. ಹೊಲಿದ ದೋಣಿಯಲ್ಲಿ ಸ್ವಲ್ಪ ನೀರು ಇದ್ದೇ ಇರುತ್ತದೆ. ಇರುವುದು ತೊಂದರೆಯಲ್ಲ, ನಿನ್ನೆಗಿಂತ ಹೆಚ್ಚಾಗುವುದು ತೊಂದರೆ. ನಾವು ತಳದ ಪಟ್ಟಿಯ ಮೇಲೆ ಸುಣ್ಣದ ಗೆರೆ ಎಳೆದಿದ್ದೇವೆ. ನೀರು ಗೆರೆ ಮುಟ್ಟಿದ್ದರೆ ಪಂಪ್ ಹಾಕುವ ಮೊದಲು ಎಲ್ಲಿಂದ ಬಂತೆಂದು ಹುಡುಕುತ್ತೇವೆ. ನಾಲಿಗೆಗೆ ಒಂದು ಹನಿ ಮುಟ್ಟಿಸಿ ನೋಡಿದರೂ ಸುಳಿವು ಸಿಗುತ್ತದೆ: ಉಪ್ಪಾಗಿದ್ದರೆ ಹೊಲಿಗೆ, ಸಪ್ಪೆಯಾಗಿದ್ದರೆ ನಿಮ್ಮದೇ ಸಿಹಿ ನೀರಿನ ಪೈಪು. ಶೌಚದ ತೊಟ್ಟಿಯ ಕಡೆಯ ನೀರನ್ನು ಮಾತ್ರ ಹೀಗೆ ನೋಡಬೇಡಿ.

ಆಮೇಲೆ ಹಗ್ಗಗಳ ಸುತ್ತ ಒಂದು ಓಡಾಟ. ಅದೇ ಓಡಾಟದಲ್ಲಿ ಕೈಯಲ್ಲೊಂದು ಹತ್ತಿ ಬಟ್ಟೆ ಇರಲಿ. ಧನು ಮಾಸದಲ್ಲಿ ಬೀಳುವ ಇಬ್ಬನಿ ಕಟಾಂಜನದ ಮೇಲೆ, ಸೌರ ಫಲಕದ ಮೇಲೆ ಹನಿಗಟ್ಟಿ ನಿಂತಿರುತ್ತದೆ. ಹಿಂದಿನ ದಿನದ ಕಡಲ ಗಾಳಿ ತಂದಿಟ್ಟ ಉಪ್ಪು ಅದರಲ್ಲಿ ಕರಗಿರುತ್ತದೆ. ಬಿಸಿಲು ಬರುವ ಮೊದಲು ಒರೆಸಿದರೆ ಒಂದು ಲೋಟ ಸಿಹಿ ನೀರೂ ಖರ್ಚಾಗದೆ ಇಡೀ ದೋಣಿ ತೊಳೆದಂತಾಗುತ್ತದೆ. ಏಳೂವರೆ ದಾಟಿದರೆ ಇಬ್ಬನಿ ಆರಿ ಉಪ್ಪು ಮತ್ತೆ ಹೆಪ್ಪುಗಟ್ಟುತ್ತದೆ. ಬಟ್ಟೆ ಹಿಂಡುವಾಗ ಬೆರಳ ಸಂದಿಯಿಂದ ಇಳಿಯುವ ಆ ಬೂದು ನೀರನ್ನು ನೋಡುವುದು ನನಗೆ ಈಗಲೂ ಇಷ್ಟ.

ಬೆಳಗ್ಗೆ ಗಾಳಿ ನೆಲದ ಕಡೆಯಿಂದ, ಪೂರ್ವದಿಂದ ಬರುತ್ತದೆ, ಒಣ ಗಾಳಿ. ಹಾಸಿಗೆ, ಬಟ್ಟೆ, ಮೆಣಸು, ಹಪ್ಪಳ ಎಲ್ಲವನ್ನೂ ಈ ಹೊತ್ತಿನಲ್ಲಿ ಹರವಿ. ಮಧ್ಯಾಹ್ನದ ಬಳಿಕ ಕಡಲ ಗಾಳಿ ತಿರುಗುತ್ತದೆ. ಮೂರೂವರೆಯೊಳಗೆ ಎಲ್ಲ ಒಳಗೆ ಬರಲಿ. ಇಲ್ಲವಾದರೆ ಉಪ್ಪು ಹಿಡಿದ ಬಟ್ಟೆ ರಾತ್ರಿ ತಾನಾಗಿ ಒದ್ದೆಯಾಗುತ್ತದೆ.

ಸಿಹಿ ನೀರು, ಕೊಳಕು ನೀರು

ಇಬ್ಬರಿಗೆ ದಿನಕ್ಕೆ 50 ಲೀಟರ್ ಸಾಕು ಎಂದರೆ ಊರಿನವರು ನಂಬುವುದಿಲ್ಲ. ಪಾತ್ರೆಗಳನ್ನು ಮೊದಲು ಹಿನ್ನೀರಿನಲ್ಲಿ ಬೂದಿ ಹಾಕಿ ಉಜ್ಜಿ, ಕೊನೆಯ ಒಂದು ತೊಳೆತ ಮಾತ್ರ ಸಿಹಿ ನೀರಿನಲ್ಲಿ. ಸ್ನಾನ ಬಕೆಟ್ಟಿನಲ್ಲಿ, ಚೊಂಬಿನಿಂದ. 500 ಲೀಟರಿನ ಟ್ಯಾಂಕ್ ಹತ್ತು ದಿನ ಬರುತ್ತದೆ. ಟ್ಯಾಂಕನ್ನು ದೋಣಿಯ ನಡುವೆ, ತಗ್ಗಿನಲ್ಲಿ ಇಡಿಸಿ. ಅರ್ಧ ಟನ್ ಭಾರ ಒಂದು ಮಗ್ಗುಲಿಗೆ ಬಂದರೆ ದೋಣಿ ವಾಲುತ್ತದೆ. ಬಾವಿ ನೀರು ತುಂಬಿಸುವುದಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪುಡಿಯ ಲೆಕ್ಕದಲ್ಲಿ ಹಾಕಿ ಅರ್ಧ ಗಂಟೆ ಬಿಡಿ. ಕುಡಿಯುವ ನೀರು ಕುದಿಸಿಯೇ ಇರಲಿ.

ಶೌಚಕ್ಕೆ ಜೈವಿಕ ತೊಟ್ಟಿ ಇರುವ ದೋಣಿಯನ್ನೇ ಹಿಡಿಯಿರಿ. ನಮ್ಮ ರೈಲುಗಳಲ್ಲಿ ಇರುವಂತಹದೇ ವ್ಯವಸ್ಥೆ. ತೊಟ್ಟಿಯೊಳಗಿನ ಬ್ಯಾಕ್ಟೀರಿಯಾ ಮಲವನ್ನು ಕರಗಿಸುತ್ತದೆ. ಅದಕ್ಕೆ ಫಿನೈಲ್ ಸುರಿದರೆ ಬ್ಯಾಕ್ಟೀರಿಯಾ ಸತ್ತು ತೊಟ್ಟಿ ನಾರುತ್ತದೆ. ಅಕ್ಕ ಬಂದಿದ್ದಾಗ ಮನೆಯ ಅಭ್ಯಾಸದಂತೆ ಅರ್ಧ ಬಾಟಲಿ ಸುರಿದುಬಿಟ್ಟಳು. ಮೂರು ವಾರ ಅನುಭವಿಸಿದೆವು. ಈಗ ಬಾಗಿಲಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇವೆ. ತೊಟ್ಟಿಯನ್ನು ಖಾಲಿ ಮಾಡಿಸುವುದು ದಡದಲ್ಲೇ. ರಾತ್ರಿ ಕತ್ತಲಲ್ಲಿ ಹೊಳೆಗೆ ಬಿಡುವವರಿದ್ದಾರೆಂದು ಕೇಳಿದಾಗ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಅದೇ ನೀರಿನಲ್ಲಿ ಪಡನ್ನ, ಚೆರುವತ್ತೂರಿನ ಕಡೆಯ ಮನೆಮನೆಯವರು ಪಚ್ಚಿಲೆ ಎಂಬ ಚಿಪ್ಪುಜೀವಿಯನ್ನು ಬೆಳೆಸುತ್ತಾರೆ, ಮತ್ತು ಪಚ್ಚಿಲೆ ನೀರನ್ನು ಸೋಸಿಯೇ ತಿನ್ನುವ ಜೀವಿ.

ವಿದ್ಯುತ್ತಿನ ಲೆಕ್ಕ

ಒಂದು ಫ್ಯಾನ್ 30 ವ್ಯಾಟಿನದು ಎಂಟು ಗಂಟೆ ತಿರುಗಿದರೆ 240 ವ್ಯಾಟ್-ಗಂಟೆ. ಐದು ವ್ಯಾಟಿನ ಮೂರು ಎಲ್‌ಇಡಿ ಬಲ್ಬು ಐದು ಗಂಟೆಗೆ 75. ಎರಡು ಮೊಬೈಲ್, ತಳದ ಪಂಪ್ ಸೇರಿ ಇನ್ನೊಂದು 45. ಒಟ್ಟು 360. 12 ವೋಲ್ಟಿನ 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1800 ಇರುತ್ತದೆ, ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯುಸ್ಸು ಕಡಿಮೆಯಾಗುತ್ತದೆ. ಆದ್ದರಿಂದ ಕೈಗೆ ಸಿಗುವುದು 900, ಅಂದರೆ ಮೋಡ ಕವಿದರೂ ಎರಡು ರಾತ್ರಿ. ಬೆಳಗ್ಗೆ ಏನೂ ಉರಿಯದಿದ್ದಾಗ ಮೀಟರ್ ಹಿಡಿದರೆ 12.7 ತುಂಬಿದ ಗುರುತು, 12.1ರ ಹತ್ತಿರ ಅರ್ಧವಾದ ಗುರುತು. 200 ವ್ಯಾಟಿನ ಒಂದು ಫಲಕ ಚಳಿಗಾಲದ ಬಿಸಿಲಿಗೆ ಇದನ್ನೆಲ್ಲ ತುಂಬಿಸಿಕೊಡುತ್ತದೆ. ಡಿಸೆಂಬರಿನಲ್ಲಿ ನಡು ಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಫಲಕವನ್ನು ದಕ್ಷಿಣಕ್ಕೆ ಓರೆ ಮಾಡಿ.

ದಡದಿಂದ ತಂತಿ ಎಳೆಯುವುದಾದರೆ ವಿದ್ಯುತ್ ಸೋರಿಕೆ 30 ಮಿಲಿ ಆಂಪಿಯರ್ ಮುಟ್ಟಿದರೆ ತಾನಾಗಿ ಕಡಿದುಕೊಳ್ಳುವ ಆರ್‌ಸಿಸಿಬಿ ಸ್ವಿಚ್ಚು ಇಲ್ಲದೆ ಎಳೆಯಬೇಡಿ. ತಂತಿಯ ಜೋಡಣೆ ನೀರಿಗೆ ಬಿದ್ದರೆ ಈಜುವವರ ಜೀವಕ್ಕೆ ಕುತ್ತು. ಜನರೇಟರನ್ನು ಒಳಗೆ ಅಥವಾ ಮುಚ್ಚಿದ ಮೂಲೆಯಲ್ಲಿ ಎಂದೂ ಓಡಿಸಬೇಡಿ. ಅದರ ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಅಡುಗೆ

ಅಡುಗೆ ಅನಿಲ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲಿನ ಕೆಳಗಿಂದ ಹೊರಗೆ ಹೋಗಲು ದಾರಿಯಾದರೂ ಇರುತ್ತದೆ; ದೋಣಿಯಲ್ಲಿ ತಳಕ್ಕೆ ಇಳಿದು ಅಲ್ಲೇ ತುಂಬಿಕೊಂಡು ಪಂಪಿನ ಒಂದು ಕಿಡಿಗಾಗಿ ಕಾಯುತ್ತದೆ. ಸಿಲಿಂಡರ್ ಹೊರಗೆ, ತೆರೆದ ಕಟ್ಟೆಯ ಮೇಲೆ ಇರಲಿ. ಅಡುಗೆ ಮುಗಿದ ಕೂಡಲೇ ಒಲೆಯನ್ನಷ್ಟೇ ಅಲ್ಲ, ರೆಗ್ಯುಲೇಟರನ್ನೂ ಆರಿಸಿ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ಹಲಗೆ ಎತ್ತಿ, ಎಲ್ಲ ಕಿಟಕಿ ತೆರೆದು ದಡಕ್ಕೆ ಇಳಿಯಿರಿ.

ಅನಿಲ ಉಳಿಸುವುದಕ್ಕೆ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಜನಪ್ರಿಯಗೊಳಿಸಿದ ‘ಚೂಡಾರಾಪ್ಪೆಟ್ಟಿ’ಯಂತಹ ಶಾಖ ಉಳಿಸುವ ಪೆಟ್ಟಿಗೆಗಿಂತ ಉತ್ತಮವಾದದ್ದು ಸಿಕ್ಕಿಲ್ಲ. ಕುಚ್ಚಲಕ್ಕಿಯನ್ನು ಹತ್ತು ಹದಿನೈದು ನಿಮಿಷ ಕುದಿಸಿ ಪೆಟ್ಟಿಗೆಯೊಳಗಿಟ್ಟು ಮುಚ್ಚಿ ಹೋದರೆ ಮಧ್ಯಾಹ್ನಕ್ಕೆ ಗಂಜಿ ಅರಳಿರುತ್ತದೆ. ಫ್ರಿಜ್ ಬೇಡವೇ ಬೇಡ. ಊರಿನಿಂದ ತಂದ ಸೌತೆಕಾಯಿಗಳನ್ನು ಅಟ್ಟದಲ್ಲಿ ಕಟ್ಟುವಂತೆಯೇ ಬಾಳೆನಾರಿನಿಂದ ಮಾಡಿನ ಬಿದಿರಿಗೆ ಕಟ್ಟಿ ತೂಗಿಸಿದ್ದೇವೆ. ಒಂದಕ್ಕೊಂದು ತಾಗದಿದ್ದರೆ ಫೆಬ್ರವರಿವರೆಗೂ ಕೆಡುವುದಿಲ್ಲ. ಉಪ್ಪುಸೊಳೆ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ ಸಿಪ್ಪೆ ಭರಣಿಯಲ್ಲಿ. ಮೀನು ತಿನ್ನುವವರಿಗೆ ಹೇಳಬೇಕಾದ್ದೇನೂ ಇಲ್ಲ, ಬೆಳಗ್ಗೆ ಆರಕ್ಕೆ ದೋಣಿಯ ಬಾಗಿಲಿಗೇ ಬರುತ್ತದೆ.

ನೆರೆಹೊರೆ

ಇಲ್ಲಿನ ಮಾತು ಮಲಯಾಳ. ನಾಲ್ಕು ಪದ ಮೊದಲೇ ಗೊತ್ತಿರಲಿ: ಉಬ್ಬರಕ್ಕೆ ವೇಲಿಯೇಟ್ಟಂ, ಇಳಿತಕ್ಕೆ ವೇಲಿಯಿರಕ್ಕಂ, ಹಗ್ಗಕ್ಕೆ ಕಯರ್, ನಮ್ಮ ಪಚ್ಚಿಲೆಗೆ ಕಲ್ಲುಮ್ಮಕ್ಕಾಯ. ಕುಂಬಳೆ, ಮಂಜೇಶ್ವರದ ಕಡೆಯವರೆಂದರೆ ತುಳುವಿನಲ್ಲಿ ಮಾತಾಡಿಸುವವರೂ ಸಿಗುತ್ತಾರೆ.

ನವೆಂಬರ್, ಡಿಸೆಂಬರಿನಲ್ಲಿ ಪಚ್ಚಿಲೆಯ ಮರಿಗಳನ್ನು ಹಗ್ಗಕ್ಕೆ ಸುತ್ತಿ ಬಿದಿರಿನ ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಉಪ್ಪು ನೀರಿನಲ್ಲಿ ಬೆಳೆದು, ಮಳೆ ಬಂದು ನೀರು ಸಪ್ಪೆಯಾಗುವ ಮೊದಲು ಏಪ್ರಿಲ್–ಮೇನಲ್ಲಿ ಕೊಯ್ಲು. ಎಷ್ಟೋ ಕಡೆ ಹೆಂಗಸರ ಸ್ವಸಹಾಯ ಗುಂಪುಗಳ ದುಡಿಮೆ ಅದು. ಚಪ್ಪರದ ಹತ್ತಿರ ಲಂಗರು ಹಾಕಬೇಡಿ, ಎಂಜಿನ್ ಪೂರಾ ತಗ್ಗಿಸಿ ಹೋಗಿ. ನಿಮ್ಮ ಅಲೆಗೆ ಮರಿಗಳು ಹಗ್ಗದಿಂದ ಕಳಚಿ ಬೀಳುತ್ತವೆ. ಚಿಕ್ಕ ದೋಣಿಯಲ್ಲಿ ಬಲೆ ಬಿಡುವವರ ಪಕ್ಕದಲ್ಲೂ ಹಾಗೆಯೇ.

ತುಲಾ ಮಾಸದ ಹತ್ತನೆಯ ದಿನವಾದ ಪತ್ತಾಮುದಯ ಕಳೆದರೆ ತೆಯ್ಯಂ ಎಂಬ ದೈವಾರಾಧನೆಯ ಕಾಲ. ಚಳಿಗಾಲದ ರಾತ್ರಿಗಳಲ್ಲಿ ಯಾವುದೋ ಕಾವಿನ, ಅಂದರೆ ದೇವರ ಬನದ, ಚೆಂಡೆ ನೀರಿನ ಮೇಲಿಂದ ಕೇಳುತ್ತಲೇ ಇರುತ್ತದೆ. ಭೂತಕೋಲ ಕಂಡು ಬೆಳೆದ ನಮಗೆ ಅಲ್ಲಿ ಕುಳಿತರೆ ಪರಊರೆನಿಸುವುದಿಲ್ಲ.

ರಾತ್ರಿ

ಲಂಗರು ಹಾಕಿ ನಿಲ್ಲುವುದಾದರೆ ನೀರಿನ ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಡಿ, ಆಳವನ್ನು ಉಬ್ಬರದ ಮಟ್ಟಕ್ಕೆ ಲೆಕ್ಕ ಹಾಕಿ. ಎಲ್ಲ ದಿಕ್ಕಿಗೂ ಕಾಣುವ ಒಂದು ಬಿಳಿ ದೀಪ ಬೆಳಗುವವರೆಗೆ ಉರಿಯಲಿ. ಮಾಡು ಬಿದಿರು, ಓಲೆಯದು; ಸೊಳ್ಳೆ ಬತ್ತಿ ಬೇಡ, ಸೊಳ್ಳೆ ಪರದೆ ಕಟ್ಟಿ. ಬೆಂಕಿ ನಂದಿಸುವ ಸಿಲಿಂಡರ್ ಮಲಗುವ ಕೋಣೆಯ ಬಾಗಿಲಲ್ಲಿರಲಿ, ಅಡುಗೆಮನೆಯೊಳಗಲ್ಲ. ಬೆಂಕಿ ಹತ್ತುವುದು ಅಲ್ಲಿಯೇ. ಕರಾವಳಿ ಪೊಲೀಸರ 1093, ತಟ ರಕ್ಷಣಾ ಪಡೆಯ 1554, ಸಾಮಾನ್ಯ ತುರ್ತಿಗೆ 112, ಮೂರನ್ನೂ ಗೋಡೆಯ ಮೇಲೆ ಬರೆಯಿರಿ. ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಕೊಡುವ ಕಡಲಲೆಯ ಮುನ್ನೆಚ್ಚರಿಕೆಯನ್ನು ಸಂಜೆಗೊಮ್ಮೆ ನೋಡುವುದು ರೂಢಿಯಾಗಲಿ.

ಕುಂಭ ಮಾಸದ ಕೊನೆ

ಸೆಕೆ ಏರಿ ಕಡಲ ಗಾಳಿ ಬಲವಾದಾಗ ಹೊರಡುವ ಕಾಲ. ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ದೋಣಿಯನ್ನು ದಡಕ್ಕೆ ಎಳೆಸಿ, ತಳಕ್ಕೆ ಅಂಟಿದ ಚಿಪ್ಪುಗಳನ್ನು ಹೆರೆದು, ಸಿಹಿ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಸಡಿಲವಾದ ಹೊಲಿಗೆ ಬಿಗಿಸಿದ ಮೇಲೆ ಗೇರುಸಿಪ್ಪೆಯ ಎಣ್ಣೆ ಬಳಿಯಿರಿ. ಅದು ಚರ್ಮ ಸುಡುತ್ತದೆ. ಗೇರುಬೀಜ ಸುಟ್ಟು ತಿಂದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೋಳಿಗೆ ತೆಂಗಿನೆಣ್ಣೆ ಸವರಿ ಕೈಗವಸು ಹಾಕಿಕೊಳ್ಳಿ. ಬ್ಯಾಟರಿಯನ್ನು ಪೂರಾ ತುಂಬಿಸಿ ಮನೆಗೆ ಒಯ್ಯಿರಿ, ಹಗ್ಗಗಳನ್ನು ಸಿಹಿ ನೀರಿನಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ. ಬಿದಿರಿನ ಗಳದ ಗುರುತುಗಳನ್ನು ಪುಸ್ತಕಕ್ಕೆ ಇಳಿಸಿಕೊಂಡ ಮೇಲೆಯೇ ಅದನ್ನು ಕೀಳಿ. ಮುಂದಿನ ವೃಶ್ಚಿಕದಲ್ಲಿ ಎಷ್ಟು ಹಗ್ಗ ಬಿಡಬೇಕೆಂದು ಆ ಪುಟ ನೋಡಿಯೇ ತಿಳಿಯಬೇಕು.